ಸಣ್ಣ ಆಫೀಸು ಕಟ್ಟಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಗೆ

ವಕೀಲರು, ಆಡಿಟರುಗಳು, ಹಾಲಿನ ಸಂಘದವರು, ರೈತ ಉತ್ಪಾದಕರ ಸಂಸ್ಥೆಯವರು, ಹತ್ತು ಹನ್ನೆರಡು ಹುಡುಗರನ್ನಿಟ್ಟುಕೊಂಡು ಸಾಫ್ಟ್‌ವೇರ್ ಕೆಲಸ ಮಾಡಿಸುವವರು ಹೀಗೆ ಯಾರೇ ಬಂದರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ತುಮಕೂರಿನಲ್ಲಿ ಕೂತು ಈ ಮೂರು ಜಿಲ್ಲೆಗಳ ಸಣ್ಣ ಆಫೀಸುಗಳಿಗೆ ನಕ್ಷೆ ಮಾಡುವ ನಾವು, ಫೋನಿನಲ್ಲಿ, ಸೈಟಿನಲ್ಲಿ, ಟೀ ಅಂಗಡಿ ಮುಂದೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಸಣ್ಣ ಆಫೀಸು ಅಂದರೆ ನಮ್ಮ ಲೆಕ್ಕದಲ್ಲಿ 5ರಿಂದ 20 ಚದರದೊಳಗಿನದು (ಒಂದು ಚದರ ಅಂದರೆ 100 ಚದರಡಿ); ನೆಲಮಹಡಿ, ಹೆಚ್ಚೆಂದರೆ ಮೇಲೊಂದು.

ಮುಂದೆ ಪೂರ್ತಿ ಗಾಜು ಹಾಕಿಸಬೇಕು ಅಂತಿದ್ದೀವಿ. ಬೆಂಗಳೂರಲ್ಲಿ ಎಲ್ಲಾ ಹಾಗೇ ಕಟ್ತಾರಲ್ಲ?

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಯಜಮಾನರು ಕೇಳಿದರೆಂದು, ಪಶ್ಚಿಮದ ರಸ್ತೆಗೆ ಮುಖ ಮಾಡಿದ ಎರಡು ಮಹಡಿಯ ಆಫೀಸಿಗೆ ಮುಂಭಾಗವೆಲ್ಲ ಗಾಜು ಹಾಕಿಸಿದೆವು. ಕಾರ್ತೀಕದಲ್ಲಿ ಪೂಜೆ ಆಯಿತು, ಬಂದವರೆಲ್ಲ ಮೆಚ್ಚಿದರು. ಯುಗಾದಿ ಹತ್ತಿರವಾಗುವ ಹೊತ್ತಿಗೆ, ಮಧ್ಯಾಹ್ನ ಮೂರು ಗಂಟೆಯಾದ ಮೇಲೆ ಗಾಜಿನ ಪಕ್ಕದ ಸಾಲಿನಲ್ಲಿ ಯಾರೂ ಕೂರಲಾರದೆ ಹೋದರು. ಮೇ ತಿಂಗಳಲ್ಲಿ ಹೋಗಿ ನೋಡಿದಾಗ ಗಾಜಿಗೆ ಒಳಗಡೆಯಿಂದ ಹಳೆಯ ಫ್ಲೆಕ್ಸ್ ಬ್ಯಾನರ್ ಕಟ್ಟಿಕೊಂಡು, ಹಗಲು ಹೊತ್ತಿನಲ್ಲೇ ಟ್ಯೂಬ್‌ಲೈಟ್ ಉರಿಸಿಕೊಂಡು ಕೆಲಸ ಮಾಡುತ್ತಿದ್ದರು. ಲೆಕ್ಕ ಬರೆಯುವ ಹೆಣ್ಣುಮಗಳು ಬೆನ್ನಿಗೆ ಒದ್ದೆ ಟವೆಲ್ ಹಾಕಿಕೊಂಡು ಕೂತಿದ್ದರು. ಆ ದೃಶ್ಯ ನಮಗೆ ಇವತ್ತಿಗೂ ಮರೆತಿಲ್ಲ.

ಸಾಧಾರಣ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಒಳಕ್ಕೆ ಬಿಡುತ್ತದೆ. ಒಳಗಿನ ನೆಲ, ಮೇಜು, ಬೀರು ಅದನ್ನು ಹೀರಿಕೊಂಡು ತಿರುಗಿ ಉಗುಳುವ ಶಾಖ ಬೇರೆ ಬಗೆಯದು, ಅದು ಅದೇ ಗಾಜಿನಿಂದ ಸಲೀಸಾಗಿ ಆಚೆ ಹೋಗುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದರೆ ಮುಖಕ್ಕೆ ರಾಚುವುದು ಇದೇ. ಪರದೆ ಹಾಕಿದರೂ ಅಷ್ಟೇ, ಶಾಖ ಒಳಗೆ ಬಂದ ಮೇಲೆ ಪರದೆ ಅದನ್ನು ತಡೆಯುವುದು ಅಲ್ಪಸ್ವಲ್ಪ. ತಡೆಯುವುದಾದರೆ ಗೋಡೆಯ ಹೊರಗೇ ತಡೆಯಬೇಕು.

ಗಾಜೇ ಬೇಡ ಎನ್ನುತ್ತಿಲ್ಲ. ಆರೇಳು ಅಡಿ ಆಳದ ಜಗಲಿಯ ಹಿಂದೆ ಗಾಜು ಇಡಿ. ರಸ್ತೆಯಿಂದ ಒಳಗಿನ ದೀಪ, ಜನ ಕಾಣುತ್ತಾರೆ, ಬಿಸಿಲು ಮಾತ್ರ ಮುಟ್ಟುವುದಿಲ್ಲ. ಮುಖದ ಚಂದಕ್ಕೆಂದು ಎತ್ತಿಟ್ಟ ದುಡ್ಡನ್ನು ನೆರಳಿಗೆ ಹಾಕಿ ಅಂತ ನಾವು ಬಂದವರೆಲ್ಲರನ್ನೂ ಕೇಳಿಕೊಳ್ಳುತ್ತೇವೆ. ಎಸಿಪಿ ಎನ್ನುವ ಅಲ್ಯೂಮಿನಿಯಂ ಹೊದಿಕೆಯ ಹಾಳೆ ಹೊಡೆಸುವ ಬಗ್ಗೆಯೂ ಇದೇ ಮಾತು. ಕಿಟಕಿ ಮುಚ್ಚಿ ಹೊಳಪು ಹಾಳೆ ಹೊದಿಸಿದ ಎಷ್ಟೋ ಕಟ್ಟಡಗಳನ್ನು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನೀವೇ ನೋಡಿದ್ದೀರಿ.

ಆದರೆ ನಮ್ಮ ಸೈಟಿನ ಮುಖವೇ ಪಶ್ಚಿಮಕ್ಕಿದೆ. ಬೇರೆ ದಾರಿ ಎಲ್ಲಿದೆ?

ಇದೆ. ಮೊದಲು ಬಿಸಿಲಿನ ಲೆಕ್ಕ ನೋಡಿ. ಏಪ್ರಿಲ್‌ನಲ್ಲಿ ತುಮಕೂರಿನಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೆ ಸೂರ್ಯ ದಿಗಂತದಿಂದ ಸರಿಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇಸ್ತ್ರಿ ಹಾಕುವ 2 ಅಡಿ ಸಜ್ಜಾ ಆ ಹೊತ್ತಿಗೆ ಪಶ್ಚಿಮದ ಕಿಟಕಿಯಲ್ಲಿ ಒಂದೂಕಾಲು ಅಡಿಗೂ ನೆರಳು ಕೊಡದು. ಇನ್ನೊಂದು ಗಂಟೆ ಕಳೆದರೆ ಅರ್ಧ ಅಡಿ. ಅದೇ 2 ಅಡಿ ಸಜ್ಜಾ ದಕ್ಷಿಣದ ಕಿಟಕಿಗೆ, ಸೂರ್ಯ ಅತಿ ಕೆಳಗಿರುವ ಡಿಸೆಂಬರ್ ಮಧ್ಯಾಹ್ನದಲ್ಲೂ ಎರಡೂವರೆ ಅಡಿಗಿಂತ ಹೆಚ್ಚು ನೆರಳು ಕೊಡುತ್ತದೆ. ಅಂದರೆ ದಕ್ಷಿಣಕ್ಕೆ ಅಡ್ಡ ಸಜ್ಜಾ ಸಾಕು, ಪಶ್ಚಿಮಕ್ಕೆ ಎದುರಿಗೆ ನಿಲ್ಲುವ ಮರೆಯೇ ಬೇಕು.

ಮರೆ ಎಂದರೆ ಏನೇನು? ಮಲೇಷ್ಯಾದ ವಾಸ್ತುಶಿಲ್ಪಿ ಕೆನ್ ಯಾಂಗ್ ಸುಬಾಂಗ್ ಜಯಾದಲ್ಲಿ 1992ರಲ್ಲಿ ಮುಗಿಸಿದ ಮೆನಾರಾ ಮೆಸಿನಿಯಾಗ ಎಂಬ ಆಫೀಸು ನಮ್ಮ ಅಳತೆಗೆ ದೊಡ್ಡದು, 15 ಮಹಡಿಯದು. ಆದರೆ ಅದರ ಒಂದು ಉಪಾಯ 30×40 ಸೈಟಿಗೂ ಒಗ್ಗುತ್ತದೆ. ಮೆಟ್ಟಿಲು, ಲಿಫ್ಟು, ಶೌಚಾಲಯಗಳನ್ನು ಅವರು ಕಾವು ಹೆಚ್ಚು ಬೀಳುವ ಪೂರ್ವದ ಬದಿಗೆ ಸರಿಸಿದರು. ಯಾರೂ ಗಂಟೆಗಟ್ಟಲೆ ಕೂರದ ಜಾಗಗಳು ಬಿಸಿಲು ತಿನ್ನಲಿ, ಕೂರುವವರು ಹಿಂದೆ ತಂಪಾಗಿರಲಿ ಎಂದು. ನಮ್ಮ ಸೀಮೆಯಲ್ಲಿ ಕಾಡುವುದು ಪಶ್ಚಿಮ. ಮೆಟ್ಟಿಲು, ಶೌಚಾಲಯ, ಕಡತದ ಕೋಣೆ, ಬ್ಯಾಟರಿ ಕೋಣೆ ಅಲ್ಲಿಗೆ ಹೋಗಲಿ.

ಇನ್ನೊಂದು ಮರೆ ಚಿಕ್ಕಬಳ್ಳಾಪುರದವರಿಗೆ ಕೈಯಳತೆಯಲ್ಲೇ ಇದೆ. ದ್ರಾಕ್ಷಿ ತೋಟದ ಚಪ್ಪರಕ್ಕೆ ನೆಡುವ ಕಲ್ಲುಕಂಬವನ್ನೇ ಗೋಡೆಯಿಂದ ಮೂರು ಅಡಿ ಆಚೆ ಸಾಲಾಗಿ ನೆಟ್ಟು, ತಂತಿ ಎಳೆದು, ಬಳ್ಳಿ ಹಬ್ಬಿಸಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಗೋಡೆ ಏಳುತ್ತದೆ, ಕಂಬ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಜಾಗವಿದ್ದರೆ ಹೊಂಗೆ ನೆಡಿ. ಹೊಂಗೆಯ ನೆರಳು ಎಷ್ಟು ತಂಪು ಎಂದು ಬಯಲುಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆ ಮರಗಳು ಬೋಳಾಗಿ ನಿಂತ ಬಿರುಬೇಸಿಗೆಯಲ್ಲೇ ಅದು ಹೊಸ ಚಿಗುರು ತುಂಬಿಕೊಂಡಿರುತ್ತದೆ. ಸುಟ್ಟ ಮಣ್ಣಿನ ಜಾಲಂಧ್ರದ ಗೋಡೆಯೂ ಆಗುತ್ತದೆ, ಆದರೆ ದೂಳು ಕೂರುತ್ತದೆ. ತಿಂಗಳಿಗೊಮ್ಮೆ ಗುಡಿಸುವವರಿದ್ದರೆ ಮಾತ್ರ ಹಾಕಿಸಿ.

ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ, ಸಜ್ಜಾ ಬೇಡ ಅಂತಾರೆ. ನಿಜವೇ?

ದಿಲ್ಲಿಯವರಿಗೆ ಬಹುಮಟ್ಟಿಗೆ ನಿಜ. ನಾವಿರುವುದು 13 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೇ ಹಾಯುತ್ತಾನೆ. ಆ ಎರಡರ ನಡುವೆ ನಡುಹಗಲಿನ ಸೂರ್ಯ ಇರುವುದು ಉತ್ತರಕ್ಕೆ. ಮೇ ತಿಂಗಳ ಬಿಸಿಲು ಉತ್ತರದ ಗೋಡೆಗೂ ಬೀಳುತ್ತದೆ. ಒಂದೂವರೆ ಅಡಿ ಸಜ್ಜಾ ಹಾಕಿಸಿ, ಸಾಕು. ಹೀಗಿದ್ದರೂ ದಿನವಿಡೀ ಹದವಾದ ಬೆಳಕು ಕೊಡುವುದು ಉತ್ತರವೇ. ಕಂಪ್ಯೂಟರ್ ಮುಂದೆ ಕೂರುವವರನ್ನು ಆ ಕಡೆಗೆ ಕೂರಿಸಿ.

ಎಸಿ ಇಲ್ಲದೆ ನಡೆಯುತ್ತಾ?

ನಡೆಯುತ್ತದೆ, ನಡೆಯುವಂತೆ ಕಟ್ಟಿದರೆ. ಈ ಮೂರೂ ಊರುಗಳು ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿವೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 35–36 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವ 21–22ಕ್ಕೆ ಇಳಿಯುತ್ತದೆ. ಚೆನ್ನೈನವರಿಗೆ ಈ ಭಾಗ್ಯವಿಲ್ಲ. ಇಷ್ಟು ಅಂತರವಿರುವ ಕಡೆ ದಪ್ಪ ಗೋಡೆಯನ್ನು ರಾತ್ರಿ ತಂಪಾಗಿಸಿ, ಹಗಲು ಆ ತಂಪನ್ನು ಖರ್ಚು ಮಾಡಬಹುದು. ಹಳೆಯ ಮಣ್ಣಿನ ಮಾಳಿಗೆ ಮನೆಗಳು ಮಾಡುತ್ತಿದ್ದುದೂ ಇದನ್ನೇ.

ತೊಡಕು ಏನೆಂದರೆ ಆಫೀಸು ಸಂಜೆ ಆರಕ್ಕೆ ಬೀಗ ಹಾಕುತ್ತದೆ. ತಂಪು ಗಾಳಿ ಬೀಸುವ ಹೊತ್ತಿಗೆ ಕಿಟಕಿಗಳೆಲ್ಲ ಮುಚ್ಚಿರುತ್ತವೆ, ಗೋಡೆ ಹೀರಿದ ಕಾವು ಒಳಗೇ ಉಳಿಯುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಬರುವ ಆ ಬಿಸಿ ವಾಸನೆ ನಿನ್ನೆಯದು. ಆದ್ದರಿಂದ ಕಿಟಕಿಯ ನಕ್ಷೆ ಮಾಡುವಾಗಲೇ ರಾತ್ರಿ ತೆರೆದಿಡಬಹುದಾದ ಭಾಗವನ್ನು ಬೇರೆ ಮಾಡಬೇಕು. ಚಾವಣಿಯ ಕೆಳಗೇ, ಎದುರುಬದುರು ಗೋಡೆಗಳಲ್ಲಿ, ಕಂಬಿ ಮತ್ತು ಸೊಳ್ಳೆಪರದೆ ಇರುವ ವೆಂಟಿಲೇಟರುಗಳು. ಅವನ್ನು ಮುಚ್ಚುವ ಗೋಜೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದ ಕಡೆಯಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ಪಶ್ಚಿಮದ ಗೋಡೆಯನ್ನು ಬಿಸಿಲಿಗಾಗಿ ಮುಚ್ಚಿದರೂ ಗಾಳಿಗಾಗಿ ಮೇಲಿನ ಕಿಂಡಿಗಳನ್ನು ಬಿಡಲೇಬೇಕು.

ಸರ್ವರ್ ಇರುವ ಕೋಣೆಗೆ, ಅಥವಾ ಬಾಗಿಲು ಮುಚ್ಚಿ ಮಾತಾಡಬೇಕಾದ ಒಂದು ಕ್ಯಾಬಿನ್ನಿಗೆ ಎಸಿ ಇರಲಿ. ಉಳಿದಲ್ಲಿ ಸೀಲಿಂಗ್ ಫ್ಯಾನು ಸಾಕು. ಹಳೆಯ ಫ್ಯಾನು 75 ವ್ಯಾಟ್ ತಿನ್ನುವಲ್ಲಿ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ಫ್ಯಾನಿಗಾಗಿ ಚಾವಣಿ ಹತ್ತೂವರೆ ಅಡಿಗಿಂತ ತಗ್ಗಬಾರದು. ಫಾಲ್ಸ್ ಸೀಲಿಂಗ್ ಮಾಡಿಸಿ ಎತ್ತರ ಕಳೆದುಕೊಳ್ಳಬೇಡಿ.

ಮೋಲ್ಡ್ ಕಾದು ಕೆಂಡ ಆಗುತ್ತೆ. ಅದಕ್ಕೇನು ಮಾಡೋದು?

ಸಣ್ಣ ಕಟ್ಟಡದಲ್ಲಿ ಗೋಡೆಗಿಂತ ತಾರಸಿಯಿಂದ ಇಳಿಯುವ ಶಾಖವೇ ಹೆಚ್ಚು. ಏಪ್ರಿಲ್ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೇರ ಪೆಟ್ಟು ತಾರಸಿಗೆ. ಮೇಲೊಂದು ಮಹಡಿ ಕಟ್ಟಿದರೆ ಕೆಳಗಿನವರು ಬಚಾವಾಗುತ್ತಾರೆ ಅಷ್ಟೇ, ಮೇಲಿನವರು ಬೇಯುತ್ತಾರೆ.

ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ 1980ರ ಸುಮಾರಿಗೆ ತಮ್ಮ ಆಫೀಸಿಗೆಂದೇ ಕಟ್ಟಿಕೊಂಡ ‘ಸಂಗಾತ್’ ಅನ್ನು ಇಂಥಲ್ಲಿ ನೆನೆಯಬೇಕು. ನಲವತ್ತು ಡಿಗ್ರಿ ದಾಟುವ ಊರು ಅದು. ಕಟ್ಟಡವನ್ನು ಅರ್ಧ ನೆಲದೊಳಗೆ ಇಳಿಸಿ, ಮೇಲೆ ಕಮಾನಿನ ಚಾವಣಿ ಹೊದಿಸಿ, ಚಾವಣಿಯ ನಡುವಿನ ಪದರಕ್ಕೆ ಟೊಳ್ಳು ಮಣ್ಣಿನ ಕೊಳವೆಗಳನ್ನು ಜೋಡಿಸಿ, ಹೊರಮೈಗೆ ಬಿಳಿ ಪಿಂಗಾಣಿ ಚೂರುಗಳನ್ನು ಅಂಟಿಸಿದರು. ಬಿಳುಪು ಬಿಸಿಲನ್ನು ತಿರುಗಿಸುತ್ತದೆ, ಟೊಳ್ಳಿನಲ್ಲಿರುವ ಗಾಳಿ ಉಳಿದ ಕಾವನ್ನು ನಿಧಾನಿಸುತ್ತದೆ. 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮನುಷ್ಯ ತನ್ನ ಆಫೀಸಿನ ತಲೆಗೆ ಹೊದಿಸಿದ್ದು ಒಡೆದ ಪಿಂಗಾಣಿ ಚೂರು.

ನಮ್ಮಲ್ಲಿ ಕಮಾನು ಬೇಕಿಲ್ಲ. ಸಪಾಟು ತಾರಸಿಗೇ ಬಿಳಿ ಟೈಲ್ಸ್ ಚೂರು ಹಾಸಬಹುದು, ಟೈಲ್ಸ್ ಅಂಗಡಿಯವರು ಒಡೆದದ್ದನ್ನು ಕಡಿಮೆಗೆ ಕೊಡುತ್ತಾರೆ. ಅದೂ ಆಗದಿದ್ದರೆ ಪ್ರತಿ ಫೆಬ್ರವರಿಯಲ್ಲಿ ಒಂದು ಸುಣ್ಣ ಬಳಿಯಿರಿ. ಹೊಸದಾಗಿ ಮೋಲ್ಡ್ ಹಾಕುವವರು ಫಿಲ್ಲರ್ ಸ್ಲ್ಯಾಬ್ ಯೋಚಿಸಬೇಕು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಕಂಬಿಗಳ ನಡುವೆ ಆ ಜಾಗದಲ್ಲಿ ಜೋಡಿ ಹಂಚು ಇಟ್ಟರೆ ಕಾಂಕ್ರೀಟು ಉಳಿಯುತ್ತದೆ, ಹಂಚಿನ ನಡುವಿನ ಗಾಳಿ ಕಾವು ತಡೆಯುತ್ತದೆ, ಕೆಳಗಿನಿಂದ ನೋಡಲಿಕ್ಕೂ ಚಂದ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ನೂರಾರು ಕಟ್ಟಡಗಳಲ್ಲಿ ಮಾಡಿ ತೋರಿಸಿದರು. ಕಂಬಿಯ ಲೆಕ್ಕವನ್ನು ಮಾತ್ರ ಎಂಜಿನಿಯರ್ ಕೈಲೇ ಮಾಡಿಸಿ.

ಜಗಲಿಗೆ ಅಷ್ಟು ಜಾಗ ಬಿಟ್ಟರೆ ಲುಕ್ಸಾನಲ್ಲವೇ? ಅಲ್ಲೊಂದು ಮಳಿಗೆ ಹಾಕಿದರೆ ಬಾಡಿಗೆ ಬರುತ್ತೆ.

ಈ ಪ್ರಶ್ನೆಗೆ ಉತ್ತರಿಸುವಾಗ ನಾವು ಸ್ವಲ್ಪ ಹಟ ಮಾಡುತ್ತೇವೆ, ತಪ್ಪು ತಿಳಿಯಬೇಡಿ.

ನಿಮ್ಮ ಆಫೀಸಿಗೆ ಬರುವವರು ಯಾರು? ಪಾವಗಡದಿಂದ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬಂದ ರೈತ, ಸಾಲದ ಕಾಗದಕ್ಕೆ ಸಹಿ ಹಾಕಲು ಬಂದ ಸ್ತ್ರೀಶಕ್ತಿ ಸಂಘದ ಹೆಂಗಸರು, ಪಹಣಿ ತಿದ್ದುಪಡಿಗೆ ಅಲೆಯುತ್ತಿರುವ ಮುದುಕರು. ಅವರು ಒಳಗಿರುವುದು ಹತ್ತು ನಿಮಿಷ, ಕಾಯುವುದು ಎರಡು ಗಂಟೆ. ಆ ಎರಡು ಗಂಟೆಗೆ ನಕ್ಷೆಯಲ್ಲಿ ಜಾಗವೇ ಇಲ್ಲದಿದ್ದರೆ ಅವರು ಮೆಟ್ಟಿಲ ಮೇಲೆ, ಸ್ಕೂಟರಿಗೆ ಒರಗಿ, ಪಕ್ಕದ ಅಂಗಡಿಯ ಶೀಟಿನ ಕೆಳಗೆ ನಿಲ್ಲುತ್ತಾರೆ. ಹಳೆಯ ತಾಲ್ಲೂಕು ಕಚೇರಿಗಳಿಗೆ, ಪ್ರವಾಸಿ ಮಂದಿರಗಳಿಗೆ ಹಂಚಿನ ಮಾಡಿನ ಉದ್ದನೆ ಪಡಸಾಲೆ ಇರುತ್ತಿತ್ತು. ಕಾಯುವ ಜನರಿಗೆ ನೆರಳು ಕೊಡುವುದು ಕಟ್ಟಡದ ಕೆಲಸ ಎಂದು ಆಗ ಕಟ್ಟಿಸಿದವರು ಒಪ್ಪಿಕೊಂಡಿದ್ದರು.

ಸಿಂಗಪುರದಲ್ಲಿ 1822ರಲ್ಲೇ, ಊರಿನ ನಕ್ಷೆ ಮಾಡುವಾಗ, ರಸ್ತೆ ಬದಿಯ ಪ್ರತಿ ಕಟ್ಟಡವೂ ಮುಂದೆ ಸದಾ ತೆರೆದಿರುವ ಮುಚ್ಚುಜಗಲಿ ಬಿಡಬೇಕು, ಅವೆಲ್ಲ ಸಾಲಾಗಿ ಒಂದಕ್ಕೊಂದು ಕೂಡಿಕೊಳ್ಳಬೇಕು ಎಂದು ಬ್ರಿಟಿಷ್ ಅಧಿಕಾರಿ ರಾಫೆಲ್ಸ್ ಆಜ್ಞೆ ಮಾಡಿದ. ‘ಐದಡಿ ದಾರಿ’ ಎಂದೇ ಅದರ ಹೆಸರು. ಮಳೆಯಲ್ಲೂ ಬಿಸಿಲಲ್ಲೂ ಜನ ಅದರಡಿಯೇ ನಡೆಯುತ್ತಾರೆ. ಇನ್ನೂರು ವರ್ಷ ಕಳೆದ ಮೇಲೂ ಹಳೆಯ ಪೇಟೆಗಳಲ್ಲಿ ಅದು ಬಳಕೆಯಲ್ಲಿದೆ.

30 ಅಡಿ ಅಗಲದ ಮುಂಭಾಗಕ್ಕೆ 7 ಅಡಿ ಆಳದ ಜಗಲಿ ಅಂದರೆ 210 ಚದರಡಿ, ಎರಡು ಚದರದ ಮೇಲೆ ಸ್ವಲ್ಪ. ಒಂದೂವರೆ ಅಡಿ ಎತ್ತರದ ಚಪ್ಪಡಿ ಕಲ್ಲಿನ ಕಟ್ಟೆ, ಕುಡಿಯುವ ನೀರು, ಒಂದು ಫ್ಯಾನು, ಫೋನ್ ಚಾರ್ಜಿಗೆ ಎರಡು ಪಾಯಿಂಟು, ಚಪ್ಪಲಿಗೆ ಜಾಗ. ಗೋಡೆ ಇಲ್ಲ, ಕಿಟಕಿ ಇಲ್ಲ, ಹೀಗಾಗಿ ಕಟ್ಟಡದ ಎಲ್ಲ ಭಾಗಗಳಿಗಿಂತ ಅಗ್ಗ. ಒಳಗಿನ ಹಜಾರವನ್ನು ಅಷ್ಟರಮಟ್ಟಿಗೆ ಸಣ್ಣದು ಮಾಡಬಹುದು. ಜಗಲಿ ಬಿಟ್ಟ ಯಜಮಾನರು ಯಾರೂ ಇದುವರೆಗೆ ನಮ್ಮಲ್ಲಿ ಬಂದು ಅದನ್ನು ಮುಚ್ಚಿಕೊಡಿ ಎಂದು ಕೇಳಿಲ್ಲ.

ಏಷ್ಯಾದ ಬೇರೆ ಕಡೆಯ ಆಫೀಸುಗಳಿಂದ ನಮ್ಮಂಥ ಊರಿನವರು ಕಲಿಯೋದಾದರೂ ಏನು?

ಮೇಲೆ ಆಗಲೇ ಕೆಲವು ಬಂದಿವೆ. ಇನ್ನೆರಡನ್ನು ಹೇಳುವ ಆಸೆ.

ಬಾಂಗ್ಲಾದೇಶದ ಗೈಬಾಂಧಾದಲ್ಲಿ ಒಂದು ಸೇವಾಸಂಸ್ಥೆಯ ತರಬೇತಿ ಕೇಂದ್ರವಿದೆ, ಫ್ರೆಂಡ್‌ಶಿಪ್ ಸೆಂಟರ್ ಎಂದು. ಕಾಶೆಫ್ ಚೌಧುರಿ ವಿನ್ಯಾಸ ಮಾಡಿದ್ದು. ಜಾಗ ತಗ್ಗು, ನೆರೆ ಬಂದರೆ ಮುಳುಗುತ್ತದೆ. ಕಟ್ಟಡವನ್ನೇ ಎತ್ತರಿಸಲು ದುಡ್ಡು ಸಾಲದು. ಅವರು ಸುತ್ತಲೂ ಮಣ್ಣಿನ ಏರಿ ಕಟ್ಟಿ, ಒಳಗೆ ಸುತ್ತಲ ನೆಲದ ಮಟ್ಟದಲ್ಲೇ ಕೋಣೆಗಳನ್ನಿಟ್ಟರು. ಊರಲ್ಲೇ ಕೈಯಿಂದ ಮಾಡಿದ ಇಟ್ಟಿಗೆ, ಗಿಲಾಯಿ ಇಲ್ಲ, ಚಾವಣಿಯ ಮೇಲೆ ಹುಲ್ಲು, ಕೋಣೆಗಳ ನಡುವೆ ಅಂಗಳ, ಅಂಗಳದಲ್ಲಿ ಕೊಳ. ಬೆಳಕು ಗಾಳಿ ಎಲ್ಲ ಆ ಅಂಗಳಗಳಿಂದ. 2016ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಕೆರೆ ಏರಿ ಕಟ್ಟುವುದರಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಅದೇ ಅರಿವಿನಿಂದ ಆಫೀಸನ್ನೂ ಕಟ್ಟಬಹುದೆಂದು ಗೈಬಾಂಧಾದವರು ತೋರಿಸಿದರು.

ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ 1960ರ ದಶಕದ ಆರಂಭದಲ್ಲಿ ಕೊಲಂಬೋದ ಆಲ್‌ಫ್ರೆಡ್ ಹೌಸ್ ರಸ್ತೆಯಲ್ಲಿ ಕಟ್ಟಿದ ಕಟ್ಟಡ ಅವರ ಆಫೀಸಾಗಿತ್ತು. ಈಗ ಅಲ್ಲಿ ಗ್ಯಾಲರಿ ಮತ್ತು ಕೆಫೆ ನಡೆಯುತ್ತಿದೆ. ಉದ್ದ ಸೈಟು. ರಸ್ತೆಯಿಂದ ಒಳಗೆ ಹೋಗುವಾಗ ಒಂದಾದ ಮೇಲೊಂದು ಅಂಗಳ ದಾಟಬೇಕು. ನಮ್ಮ ತೊಟ್ಟಿ ಮನೆಯನ್ನು ಉದ್ದಕ್ಕೆ ಎಳೆದಂತೆ. ಆಫೀಸಾಗಿದ್ದದ್ದು ಬೇರೇನೋ ಆದರೂ ಕಟ್ಟಡಕ್ಕೆ ಮರ್ಯಾದೆ ಉಳಿದಿರುವುದು ಆ ಅಂಗಳಗಳಿಂದಲೇ ಎಂದು ನಮಗನ್ನಿಸುತ್ತದೆ.

30×40 ಸೈಟಲ್ಲಿ ತೊಟ್ಟಿ ಬಿಡೋಕಾಗುತ್ತಾ?

ಪೂರ್ತಿ ತೊಟ್ಟಿ ಕಷ್ಟ. ಆದರೆ ಬೆಳಕಿನ ಲೆಕ್ಕ ತಿಳಿದಿರಲಿ: ಕಿಟಕಿಯ ಮೇಲಂಚು ಎಷ್ಟು ಎತ್ತರವಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರ ಮಾತ್ರ ಓದುವಷ್ಟು ಬೆಳಕು ಒಳಕ್ಕೆ ಹೋಗುತ್ತದೆ. 7 ಅಡಿಗೆ ಲಿಂಟಲ್ ಹಾಕಿದರೆ 14ರಿಂದ 17 ಅಡಿ. ಅಕ್ಕಪಕ್ಕದ ಕಟ್ಟಡಗಳು ಮೈಗೆ ಅಂಟಿ ನಿಂತಿದ್ದರೆ ನಡುವಿನ ಜಾಗಕ್ಕೆ ಹಗಲೆಲ್ಲ ದೀಪ ಬೇಕು. ಅಂಥಲ್ಲಿ ಮಧ್ಯದಲ್ಲೋ ಹಿಂದಿನ ಮೂಲೆಯಲ್ಲೋ 6×8 ಅಡಿಯ ಒಂದು ಬೆಳಕಿಂಡಿ, ಮೇಲೆ ಕಂಬಿ, ಬದಿಯಿಂದ ಗಾಳಿ ಆಡುವಂತೆ ಎತ್ತರಿಸಿದ ಗಾಜು ಇರಲಿ. ಬಿಸಿಯಾದ ಗಾಳಿ ಅಲ್ಲಿಂದ ಮೇಲೇರಿ ಹೋಗುತ್ತದೆ. ಹಳೆಯ ಮನೆಗಳ ಗವಾಕ್ಷಿಯ ಕೆಲಸವೇ ಇದು.

ಕಲ್ಲಲ್ಲಿ ಕಟ್ಟಿದರೆ ದುಬಾರಿಯಾ? ಇಟ್ಟಿಗೆಯೇ ಸಾಕಾ?

ನಾವು ಕಲ್ಲಿನ ಮೇಲೇ ಕೂತಿದ್ದೇವೆ. ವಿಧಾನಸೌಧದ ಅಲಂಕಾರದ ಕೆಲಸಕ್ಕೆ ತುಮಕೂರು ಜಿಲ್ಲೆಯ ತುರುವೇಕೆರೆಯಿಂದ ಕಪ್ಪು ಕಲ್ಲು ಹೋಗಿತ್ತು. ಸೈಜು ಕಲ್ಲಿನ ಗೋಡೆ ದುಬಾರಿಯಾಗುವುದು ಹೆಚ್ಚಾಗಿ ಕೂಲಿಯಿಂದ, ಕೈಪಳಗಿದ ಕೆಲಸದವರು ಕಡಿಮೆಯಾಗಿರುವುದರಿಂದ. ಆದ್ದರಿಂದ ನೆಲದಿಂದ ಕಿಟಕಿಯ ಮಟ್ಟದವರೆಗೆ ಕಲ್ಲು, ಮೇಲೆ ಇಟ್ಟಿಗೆ ಎಂಬ ಹದ ನಮಗೆ ಇಷ್ಟ. ಮಳೆ ನೀರು ಸಿಡಿಯುವುದು, ಬೈಕು ತಗುಲುವುದು, ಜನ ಒರಗುವುದು ಎಲ್ಲ ಆ ಮೂರಡಿಯಲ್ಲೇ.

ಇಟ್ಟಿಗೆಗೆ ಕೋಲಾರ ಜಿಲ್ಲೆಯ ಮಾಲೂರು ಇದೆ. ಇಟ್ಟಿಗೆ, ಹಂಚು, ಮಣ್ಣಿನ ಜಾಲಂಧ್ರ ಎಲ್ಲಕ್ಕೂ ಹೆಸರಾದ ಊರು. ಅಂಚು ನೇರವಿರುವ ಇಟ್ಟಿಗೆ ಸಿಕ್ಕರೆ ರ‍್ಯಾಟ್ ಟ್ರ್ಯಾಪ್ ಕಟ್ಟು ಮಾಡಿಸಿ. ಇಟ್ಟಿಗೆಗಳನ್ನು ಅಡ್ಡ ಮಲಗಿಸದೆ ಎದ್ದು ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವುದು. 9 ಅಂಗುಲದ ಗೋಡೆಗೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳು ಕಾವು ತಡೆಯುತ್ತದೆ. ಹಳ್ಳಿಯ ಕಡೆ ಕಟ್ಟುವವರಿಗೆ ಇನ್ನೊಂದು ದಾರಿ ಮಣ್ಣಿನ ಬ್ಲಾಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಪಾಯ, ಸಂಪು ತೋಡಿದ ಕೆಮ್ಮಣ್ಣಿಗೇ ಕ್ವಾರಿ ದೂಳು, ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತುವುದು. ಮಣ್ಣಿನ ಪರೀಕ್ಷೆ ಮಾಡಿಸದೆ ಕೈಹಾಕಬೇಡಿ.

ವಾಸ್ತು ಬಿಟ್ಟು ನಕ್ಷೆ ಮಾಡಿಕೊಡ್ತೀರಾ, ನೋಡಿ ಮಾಡ್ತೀರಾ?

ನಿಮ್ಮ ನಂಬಿಕೆಯನ್ನು ಗೌರವಿಸುತ್ತೇವೆ, ನೋಡಿಯೇ ಮಾಡುತ್ತೇವೆ. ನೈಋತ್ಯ ಭಾರವಾಗಿರಲಿ, ಈಶಾನ್ಯ ಹಗುರವಾಗಿ ತೆರೆದಿರಲಿ ಎನ್ನುವ ಮಾತು ನಮ್ಮ ಬಿಸಿಲಿಗೆ ಚೆನ್ನಾಗಿ ಹೊಂದುತ್ತದೆ. ಮೆಟ್ಟಿಲು ನೈಋತ್ಯಕ್ಕೆ ಹೋದರೆ ಸಂಜೆ ಬಿಸಿಲನ್ನು ಅದೇ ತಡೆಯುತ್ತದೆ. ನಾವು ಒಪ್ಪದಿರುವುದು ಒಂದೇ ಸಂದರ್ಭದಲ್ಲಿ: ವಾಸ್ತುವಿನ ಹೆಸರಲ್ಲಿ ಕಿಟಕಿ ಮುಚ್ಚಿಸಿ, ಅಲ್ಲಿ ಕೂರುವ ಗುಮಾಸ್ತರಿಗೆ ಗಾಳಿ ಇಲ್ಲದಂತೆ ಮಾಡುವಾಗ.

ಬೋರ್‌ವೆಲ್ ಕೊರೆಸಬೇಕಾ? ನೀರಿಗೆ ಏನು ಮಾಡೋದು?

ಕೊರೆಸುವ ಮುಂಚೆ ತಾರಸಿಯ ಲೆಕ್ಕ ಹಾಕಿ. 900 ಚದರಡಿ ತಾರಸಿ ಅಂದರೆ ಸುಮಾರು 84 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಹಿಡಿದು, ಐದರಲ್ಲೊಂದು ಪಾಲು ಹಾಳು ಎಂದು ಕಳೆದರೂ 46,000 ಲೀಟರ್ ದಾಟುತ್ತದೆ. ಆಫೀಸಿನಲ್ಲಿ ತಲೆಗೆ ದಿನಕ್ಕೆ 45 ಲೀಟರ್ ಎಂಬುದು ರೂಢಿಯ ಲೆಕ್ಕ. 10 ಜನಕ್ಕೆ 450 ಲೀಟರ್. ನೂರು ದಿನದ ನೀರು, ಅಂದರೆ ನಾಲ್ಕು ತಿಂಗಳ ಕೆಲಸದ ದಿನಗಳು, ನಿಮ್ಮ ತಲೆಯ ಮೇಲೇ ಬೀಳುತ್ತಿದೆ. ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುವುದರಿಂದ ಸಂಪು ದೊಡ್ಡದಿರಬೇಕು. 15,000 ಲೀಟರಿಗೆ ಕಡಿಮೆ ಮಾಡಬೇಡಿ. ಮಿಕ್ಕಿದ್ದನ್ನು ಇಂಗುಗುಂಡಿಗೆ ಬಿಡಿ.

ಇನ್ನೂ ದೊಡ್ಡ ಕಾರಣವಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಮ್ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂದು ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಹಲ್ಲು ಕಂದಿದ, ಮೂಳೆ ಬಾಗಿದ ಜನರನ್ನು ನೋಡಿ ಬೆಳೆದವರು ನಾವು. ಮಳೆ ನೀರಿನಲ್ಲಿ ಈ ಕಾಟವಿಲ್ಲ. ಮೊದಲ ಮಳೆ ಹೊರಗೆ ಬಿಟ್ಟು, ಸೋಸಿ, ಕುದಿಸಿಯೋ ಶುದ್ಧೀಕರಿಸಿಯೋ ಜಗಲಿಯ ಕೊಳಾಯಿಗೆ ಕೊಡಿ.

ಗಾಲಿಕುರ್ಚಿಯವರಿಗೆ ರ‍್ಯಾಂಪ್ ಕಡ್ಡಾಯವೇ? ಜಾಗ ಇಲ್ಲ.

ಜನ ಬಂದುಹೋಗುವ ಕಟ್ಟಡಕ್ಕೆ ಬೇಕೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಆಶಯವೂ ಅದೇ. 1 ಅಡಿ ಏರಲು 12 ಅಡಿ ಉದ್ದ ಬೇಕು. ಪ್ಲಿಂತ್, ಅಂದರೆ ರಸ್ತೆಯಿಂದ ಕಟ್ಟಡದ ನೆಲದ ಎತ್ತರ, ಒಂದೂವರೆ ಅಡಿ ಇದ್ದರೆ 18 ಅಡಿ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುವುದರಿಂದ ಪ್ಲಿಂತ್ ತಗ್ಗಿಸಲೂ ಭಯ. ಪಕ್ಕದಲ್ಲಿ ಬಿಡಲೇಬೇಕಾದ ಸೆಟ್‌ಬ್ಯಾಕ್ ಉದ್ದಕ್ಕೂ ಇಳಿಜಾರು ಮಾಡಿ, ಅದು ಜಗಲಿಯ ಬದಿಗೆ ಬಂದು ಸೇರಲಿ. ಜಾರದ ಒರಟು ಕಲ್ಲು ಹಾಸಿ, ಹೊಳೆಯುವ ಗ್ರಾನೈಟ್ ಬೇಡ. ಇದನ್ನು ಹೆಚ್ಚು ಬಳಸುವವರು ಮಂಡಿನೋವಿನ ಅಜ್ಜಿಯರು.

ಶೌಚಾಲಯ ಎಷ್ಟು, ಎಲ್ಲಿ?

ಎರಡು, ಹೆಂಗಸರಿಗೆ ಬೇರೆ. ಅದರ ಬಾಗಿಲು ಕಾಯುವವರ ಎದುರಿಗೆ ತೆರೆಯದಿರಲಿ. ಹೊರಗೋಡೆಗೆ ಕಿಟಕಿ ಇರಲಿ. ಬಂದವರಿಗೂ ಬೀಗ ತೆಗೆದಿರಲಿ.

ಮುಂದೆ ಮೇಲೆ ಕಟ್ಟೋಣ ಅಂತ ಪಿಲ್ಲರ್ ಕಂಬಿ ಬಿಟ್ಟಿರ್ತಾರಲ್ಲ, ಹಾಗೆ ಮಾಡಬಹುದಾ?

ಹತ್ತು ವರ್ಷ ಮಳೆಯಲ್ಲಿ ನೆಂದು ತುಕ್ಕು ತಿಂದ ಕಂಬಿಯನ್ನು ನಂಬಿ ಮೇಲೆ ಕಟ್ಟಲಾಗದು. ಬಿಡುವುದೇ ಆದರೆ ಸಿಮೆಂಟು ಹಾಲು ಬಳಿದು, ಸಿಮೆಂಟು ಕಡಿಮೆ ಹಾಕಿದ ಬಡ ಕಾಂಕ್ರೀಟಿನಲ್ಲಿ ಮುಚ್ಚಿಡಿ. ನಿಜವಾಗಿ ಒಂದು ಮಹಡಿ ಮಾತ್ರ ಮೇಲೆ ಬರುವುದಾದರೆ ಪಿಲ್ಲರೇ ಬೇಕಾಗದಿರಬಹುದು, ಗೋಡೆಯೇ ಹೊರುತ್ತದೆ. ಎಂಜಿನಿಯರನ್ನು ಕೇಳಿ.

ಎಂಜಿನಿಯರ್ ಸಾಕಾ, ಆರ್ಕಿಟೆಕ್ಟ್ ಬೇಕಾ? ಅನುಮತಿ ಎಲ್ಲಿ?

ಇಬ್ಬರ ಕೆಲಸ ಬೇರೆ ಬೇರೆ. ಭಾರ, ಕಂಬಿ, ಪಾಯ ಎಂಜಿನಿಯರದು. ಯಾರು ಎಲ್ಲಿ ಕೂರಬೇಕು, ಬೆಳಕು ಎಲ್ಲಿಂದ, ನೆರಳು ಎಲ್ಲಿ ಎಂಬುದು ಆರ್ಕಿಟೆಕ್ಟರದು. 1972ರ ಕಾಯ್ದೆಯಂತೆ ನೋಂದಣಿ ಆದವರು ಮಾತ್ರ ಆ ಹೆಸರು ಬಳಸಬಹುದು, ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ನಕ್ಷೆಯ ಅನುಮತಿ ನಿಮ್ಮ ಪಾಲಿಕೆ, ನಗರಸಭೆ ಅಥವಾ ನಗರಾಭಿವೃದ್ಧಿ ಪ್ರಾಧಿಕಾರದಿಂದ. ಜಮೀನು ಕೃಷಿಯದಾಗಿದ್ದರೆ ಮೊದಲು ಭೂಪರಿವರ್ತನೆ. ಸೆಟ್‌ಬ್ಯಾಕ್ ಅಳತೆ ಸೈಟಿನ ಗಾತ್ರ, ರಸ್ತೆಯ ಅಗಲದ ಮೇಲೆ ಹೋಗುತ್ತದೆ, ಪಕ್ಕದವರದನ್ನು ನೋಡಿ ಮಾಡಬೇಡಿ.

ನೀವು ಹೇಳಿದ್ದಕ್ಕೆ ನಮ್ಮ ಮೇಸ್ತ್ರಿ ಒಪ್ಪಲ್ಲ ಅಂದರೆ?

ಅವರನ್ನು ನಮ್ಮ ಹತ್ತಿರ ಕರೆತನ್ನಿ, ಇಲ್ಲವೇ ನಾವೇ ಸೈಟಿಗೆ ಬರುತ್ತೇವೆ. ಮೇಸ್ತ್ರಿ ಬೇಡ ಎನ್ನುವುದು ಎಷ್ಟೋ ಸಲ ಸರಿಯಾದ ಕಾರಣಕ್ಕೇ ಇರುತ್ತದೆ: ಅಂಥ ಇಟ್ಟಿಗೆ ಈಗ ಬರುತ್ತಿಲ್ಲ, ಆ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಮೊದಲು ಕಾಂಪೌಂಡಿನಲ್ಲಿ ಐದಡಿ ಉದ್ದ ಕಟ್ಟಿ ನೋಡೋಣ ಎನ್ನುತ್ತೇವೆ. ಒಂದು ಮಧ್ಯಾಹ್ನದ ಕೂಲಿ ಖರ್ಚು. ಆಮೇಲೆ ಅವರೇ ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಮೊದಲ ಸಲ ಭೇಟಿಗೆ ಬರುವಾಗ ಏನೇನು ತರಬೇಕು?

ಖಾತೆಯ ನಕಲು, ಸೈಟಿನ ಅಳತೆ, ಸುತ್ತಲಿನ ಕಟ್ಟಡಗಳ ನಾಲ್ಕು ಫೋಟೊ. ದಿನಕ್ಕೆ ಎಷ್ಟು ಜನ ಬಂದುಹೋಗುತ್ತಾರೆ, ಒಬ್ಬೊಬ್ಬರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಒಂದು ವಾರ ಬರೆದಿಟ್ಟ ಚೀಟಿ. ಮತ್ತೊಂದು ಕೆಲಸ: ಬಿಸಿಲಿರುವ ದಿನ ನೋಡಿ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಿಮ್ಮ ಖಾಲಿ ಸೈಟಿನಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಕೂತುಬನ್ನಿ. ಯಾವ ಕಡೆಗೆ ಕುರ್ಚಿ ಎಳೆದುಕೊಂಡಿರಿ, ಎಷ್ಟು ಸಲ ಎಳೆದುಕೊಂಡಿರಿ ಎಂದು ಹೇಳಿ. ನಕ್ಷೆಯ ಮೊದಲ ಗೆರೆಯನ್ನು ಅಲ್ಲಿಂದ ಎಳೆಯುತ್ತೇವೆ.